ಸೊಂಟದ ಮೇಲೆ ಆರು ಮಳೆಗಾಲ

ನಮಸ್ಕಾರ. ಹೊರಗೆ ಮಳೆ ಹುಯ್ತಾ ಇದೆ, ಹೆಂಚಿನ ಸದ್ದು ನಿಮಗೂ ಕೇಳಿಸ್ತಿರಬಹುದು. ಎಡಿಟಿಂಗಲ್ಲಿ ತೆಗೆಯೋಕೆ ಹೋಗಿಲ್ಲ. ಇವತ್ತಿನ ವಿಷಯಕ್ಕೆ ಆ ಮಳೆಯೇ ಅರ್ಧ ಕಾರಣ.

ಜಗಲಿ ಮೇಲೆ ಹರಡಿಟ್ಟಿದೀನಿ ನೋಡಿ. ಎರಡು ಬೆಲ್ಟು, ಒಂಬತ್ತು ಪೌಚು. ಅದರಲ್ಲಿ ಏಳು ಸತ್ತಿದಾವೆ, ಎರಡು ಇನ್ನೂ ಕೆಲಸಕ್ಕೆ ಬರ್ತಿದಾವೆ. 2019ರಿಂದ ಇವು ನನ್ನ ಸೊಂಟದ ಮೇಲೆ ಓಡಾಡಿದ್ದು, ಅದೂ ಟ್ರೆಕ್ಕಿಂಗಿಗಲ್ಲ, ಹೊಟ್ಟೆಪಾಡಿಗೆ. ಸಾಗರ ತಾಲ್ಲೂಕಲ್ಲಿ ಫೈಬರ್ ಇಂಟರ್ನೆಟ್ ಲೈನ್ ಕೆಲಸ ನಂದು. ಮರ ಬಿದ್ದು ಕೇಬಲ್ ಹೋದ್ರೂ, ಮಂಗ ಜೋತಾಡಿ ಕಿತ್ರೂ, ಏಣಿ ಹೊತ್ಕೊಂಡು ಹೋಗೋನು ನಾನೇ.

ಮೊದಲು ಎಲ್ಲಾ ಸಾಮಾನು ಹೆಗಲ ಚೀಲದಲ್ಲೇ ಇರ್ತಿತ್ತು. ಏಣಿ ಹತ್ತಿದ ಮೇಲೆ ಕೇಬಲ್ ಸುಲಿಯೋ ಸ್ಟ್ರಿಪ್ಪರ್ ಬೇಕು ಅಂದ್ರೆ ಕೆಳಗಿಳಿಬೇಕು. ಮತ್ತೆ ಹತ್ತಿದಾಗ ಟೇಪ್ ನೆನಪಾಗತ್ತೆ, ಮತ್ತೆ ಇಳಿ. ಆ ಸಿಟ್ಟಲ್ಲಿ ಒಂದಿನ ರಾತ್ರಿ ಆನ್‌ಲೈನಲ್ಲಿ ಕಪ್ಪು ಬಣ್ಣದ ಟ್ಯಾಕ್ಟಿಕಲ್ ಬೆಲ್ಟ್ ತರಿಸಿದೆ, ಜೊತೆಗೆ ಐದು ಪೌಚು. ಐದೂ ತುಂಬಿ, ಅಡಿಕೆ ತೂಗೋ ತಕ್ಕಡಿಗೆ ಹಾಕಿ ನೋಡಿದ್ರೆ ಮೂರು ಕಿಲೋ ನಾನೂರು ಗ್ರಾಂ. ಕಟ್ಕೊಂಡು ಅಂಗಳಕ್ಕೆ ಬಂದಾಗ ಅಮ್ಮ ಒಂದು ಸಲ ಮೇಲಿಂದ ಕೆಳಗೆ ನೋಡಿ, "ಇದೇನೋ, ಎಮ್ಮೆಗೆ ಗಂಟೆ ಕಟ್ಟಿದ ಹಾಗೆ" ಅಂದ್ಲು. ಆರು ವರ್ಷ ಆದ್ಮೇಲೆ ಹೇಳ್ತಿದೀನಿ, ಅವತ್ತು ಅವಳ ವಿಮರ್ಶೆ ನೂರಕ್ಕೆ ನೂರು ಸರಿ ಇತ್ತು.

ಗೊತ್ತಿಲ್ಲದವರಿಗೆ ಈ ಪೌಚ್ ಬೆಲ್ಟಿಗೆ ಹೇಗೆ ಕೂರತ್ತೆ ಅಂತ ತೋರಿಸಿಬಿಡ್ತೀನಿ. ಈ ಪದ್ಧತಿಗೆ ಮಾಲಿ ಅಂತಾರೆ. ತೋಟದ ಮಾಲಿಗೂ ಇದಕ್ಕೂ ಸಂಬಂಧ ಇಲ್ಲ, ಅಮೆರಿಕದ ಸೈನ್ಯ 1990ರ ದಶಕದ ಕೊನೆಗೆ ತಂದ ವ್ಯವಸ್ಥೆ ಅದು. ಒಂದು ಇಂಚು ಅಗಲದ ಪಟ್ಟಿ, ಒಂದು ಇಂಚು ಖಾಲಿ, ಮತ್ತೆ ಪಟ್ಟಿ. ಪಟ್ಟಿಗೆ ಒಂದೂವರೆ ಇಂಚಿಗೊಂದು ಅಡ್ಡಹೊಲಿಗೆ. ಪೌಚಿನ ಹಿಂದಿರೋ ನಾಲಿಗೆಯನ್ನ ಬೆಲ್ಟಿನ ಪಟ್ಟಿಯೊಳಗೆ ತೂರಿಸಿ, ಆಮೇಲೆ ಪೌಚಿನದೇ ಪಟ್ಟಿಯೊಳಗೆ, ಆಮೇಲೆ ಮತ್ತೆ ಬೆಲ್ಟಿನದರೊಳಗೆ. ಚಾಪೆ ಹೆಣೆದ ಹಾಗೆ. ಎಷ್ಟೋ ಜನ ಹೆಣೆಯೋದೇ ಇಲ್ಲ, ಸೀದಾ ಮೇಲಿಂದ ಕೆಳಗೆ ತೂರಿಸಿ ಗುಂಡಿ ಹಾಕ್ತಾರೆ. ನಾನೂ ಮೊದಲ ಆರು ತಿಂಗಳು ಹಾಗೇ ಮಾಡಿದ್ದೆ. ನಡೆದ್ರೆ ಪೌಚು ತೊಡೆಗೆ ಬಡೀತಾ ಇರತ್ತೆ, ಸಂಜೆ ಹೊತ್ತಿಗೆ ತೊಡೆ ಮೇಲೆ ಕೆಂಪು ಗೆರೆ. ಮಾಲು ಸರಿಯಿಲ್ಲ ಅಂತ ಬೈದಿದ್ದೆ, ತಪ್ಪು ನಂದೇ.

ಈಗ ಬಟ್ಟೆ. ಅಂಗಡಿಯವರು 1000 ಡೆನಿಯರ್, 500 ಡೆನಿಯರ್ ಅಂತ ಹೇಳ್ತಾರಲ್ಲ, ಅದು ನೂಲಿನ ದಪ್ಪದ ಲೆಕ್ಕ. ಒಂಬತ್ತು ಸಾವಿರ ಮೀಟರ್ ನೂಲು ಎಷ್ಟು ಗ್ರಾಂ ತೂಗತ್ತೋ ಅಷ್ಟು ಡೆನಿಯರ್. 1000 ಅಂದ್ರೆ ಒಂಬತ್ತು ಕಿಲೋಮೀಟರ್ ನೂಲಿಗೆ ಒಂದು ಕಿಲೋ ತೂಕ. ಕಾರ್ಡುರಾ ಅಂತ ಹೆಸರು ಕೇಳಿರ್ತೀರ, ಅದೂ ಈ ಜಾತಿಯ ಗಟ್ಟಿ ನೈಲಾನೇ. ನನ್ನ ಅನುಭವ ಏನಂದ್ರೆ, ಈ ಲೆಕ್ಕಕ್ಕೆ ತಲೆ ಕೆಡಿಸ್ಕೊಳ್ಳೋದು ಬೇಡ. ಲಂಟಾನ ಮುಳ್ಳು, ಅಡಿಕೆ ಮರದ ಮೈ, ಜಂಬಿಟ್ಟಿಗೆ ಗೋಡೆ ಎಲ್ಲಕ್ಕೂ ಉಜ್ಜಿದೀನಿ. ಒಂಬತ್ತರಲ್ಲಿ ಒಂದು ಪೌಚಿನ ಬಟ್ಟೆಯೂ ಹರಿದಿಲ್ಲ. ಸತ್ತ ಏಳೂ ಸತ್ತಿದ್ದು ಬೇರೆ ಬೇರೆ ರೋಗದಿಂದ.

ಮೊದಲನೇ ರೋಗ ಇದು, ಕ್ಯಾಮೆರಾ ಹತ್ತಿರ ತರ್ತೀನಿ. ಪೌಚಿನ ಒಳಮೈ. ಬಿಳೀ ಪುಡಿ ಉದುರ್ತಿದೆ, ಬೆರಳಿಟ್ರೆ ಜಿಗುಟು, ವಾಸನೆ ಅಂತೂ ಕೇಳಬೇಡಿ. ನೀರು ಒಳಗೆ ಬರದ ಹಾಗೆ ಬಟ್ಟೆಯ ಒಳಗಡೆ ಪಾಲಿಯುರೆಥೇನ್ ಲೇಪ ಕೊಟ್ಟಿರ್ತಾರೆ. ತೇವಕ್ಕೆ ಆ ಲೇಪವೇ ನಿಧಾನಕ್ಕೆ ಕಳಚ್ಕೊಳ್ಳತ್ತೆ. ಹೈಡ್ರಾಲಿಸಿಸ್ ಅಂತ ಅದಕ್ಕೆ ಹೆಸರು. ಬಿಸಿಲೂರಲ್ಲಿ ವರ್ಷಗಟ್ಟಲೆ ಬರೋದು ನಮ್ಮಲ್ಲಿ ಮೂರೇ ಮಳೆಗಾಲಕ್ಕೆ ಮುಗೀತು. ಬಳಸದೇ ಅಟ್ಟದ ಮೇಲಿಟ್ಟಿದ್ದ ಪೌಚಿಗೂ ಇದೇ ಗತಿ ಆಯ್ತು.

ಪುಡಿ ಉದುರಿದ್ರೆ ಏನ್ ಮಹಾ ಅನ್ನಬಹುದು. ನಂಗೆ ಅದರಿಂದ ಒಂದು ಮಧ್ಯಾಹ್ನವೇ ಹೋಯ್ತು. ಫೈಬರ್ ಅಂದ್ರೆ ಗಾಜಿನ ಎಳೆ, 125 ಮೈಕ್ರಾನ್ ದಪ್ಪ. ಬೆಳಕು ಹೋಗೋ ನಡುಭಾಗ ಬರೀ 9 ಮೈಕ್ರಾನ್. ಎರಡು ಎಳೆಯ ತುದಿ ಒರೆಸಿ, ಕ್ಲೀವರ್ ಅನ್ನೋ ಸಾಧನದಲ್ಲಿ ಸಮ ಕತ್ತರಿಸಿ, ಸ್ಪ್ಲೈಸಿಂಗ್ ಮಷಿನಲ್ಲಿಟ್ಟು ಬೆಸೆಯೋದು. ಒಂದು ಮನೇಲಿ ಮೂರು ಸಲ ಬೆಸೆದೆ, ಮೂರೂ ಸಲ ಬೆಳಕಿನ ಲಾಸ್ ಜಾಸ್ತಿ. ಬ್ಲೇಡ್ ಬದಲಾಯಿಸಿದೆ, ಮಷಿನ್ ಒರೆಸಿದೆ, ಮಷಿನ್ನಿಗೆ ಬೈದೆ. ಮನೆಯವರು ಎರಡನೇ ಸಲ ಕಾಫಿ ತಂದಿಟ್ರು, ಅಂದ್ರೆ ಎಷ್ಟು ಹೊತ್ತಾಗಿತ್ತು ಅಂತ ಲೆಕ್ಕ ಹಾಕಿ. ಕೊನೆಗೆ ಟಾರ್ಚ್ ಬಿಟ್ಟು ನೋಡಿದ್ರೆ ಕ್ಲೀವರ್ ಮೇಲೆಲ್ಲಾ ಸಣ್ಣ ಬಿಳೀ ಚೂರು. ಪೌಚಿನ ಲೇಪ! ಅವತ್ತಿಂದ ಕ್ಲೀವರ್ ಸೊಂಟದ ಮೇಲಿಲ್ಲ, ಅದರ ಗಟ್ಟಿ ಡಬ್ಬಿಯಲ್ಲೇ ಇರತ್ತೆ.

ಎರಡನೇ ರೋಗ ವೆಲ್ಕ್ರೋ. ಸ್ವಿಟ್ಜರ್ಲೆಂಡಿನ ಇಂಜಿನಿಯರ್ ಒಬ್ಬರು ತಮ್ಮ ನಾಯಿ ಮೈಗೆ ಅಂಟಿದ ಮುಳ್ಳುಕಾಯಿ ನೋಡಿ ಇದನ್ನ ಕಂಡುಹಿಡಿದಿದ್ದು. ನಮ್ಮಲ್ಲಿ ಅದರ ಸೇಡು ತೀರಿಸ್ಕೊಳ್ಳೋಕೆ ಉತ್ತರಾಣಿ ಇದೆ. ಬೇಲಿ ದಾಟಿ ಬಂದ್ರೆ ಉತ್ತರಾಣಿ ಬೀಜ, ಹುಲ್ಲಿನ ಎಳೆ, ಕಂಬಳಿ ನೂಲು ಎಲ್ಲಾ ಆ ಕೊಕ್ಕೆಯೊಳಗೆ. ಕೊಕ್ಕೆ ತುಂಬಿದ ಮೇಲೆ ಅಂಟೋದೇ ಇಲ್ಲ. ಸೂಜಿ ತಗೊಂಡು ಕೂತು ಒಂದೊಂದೇ ಕೀಳ್ತಿದ್ದೆ, ತಲೆಯಲ್ಲಿ ಹೇನು ಹೆಕ್ಕಿದ ಹಾಗೆ. ಈಗ ಹಳೇ ಹಲ್ಲುಜ್ಜೋ ಬ್ರಷ್ಷೂ ಇಲ್ಲ, ಸೂಜಿಯೂ ಇಲ್ಲ. ವೆಲ್ಕ್ರೋ ಇರೋ ಪೌಚೇ ತಗೊಳ್ಳೋದಿಲ್ಲ.

ಎಲಾಸ್ಟಿಕ್ಕಿನ ಕತೆ ಚಿಕ್ಕದು. ಎರಡು ವರ್ಷಕ್ಕೆ ಸಡಿಲ ಆಯ್ತು, ಟಾರ್ಚ್ ಏಣಿ ಮೇಲಿಂದ ಜಾರಿ ನಾಟಿ ಗದ್ದೆಗೆ ಬಿತ್ತು, ಸಿಗಲಿಲ್ಲ. ಈಗ ಸೈಕಲ್ ಟ್ಯೂಬನ್ನ ಬಳೆ ಥರ ಕತ್ತರಿಸಿ ಹಾಕಿದೀನಿ. ಪಂಕ್ಚರ್ ಅಂಗಡೀಲಿ ಪುಕ್ಕಟೆ ಕೊಡ್ತಾರೆ. ಒದ್ದೆ ಕೈಗೂ ಜಾರಲ್ಲ. ವರ್ಷಕ್ಕೊಂದು ಸಲ ಬದಲಾಯಿಸಿದ್ರೆ ಸಾಕು. ಜಿಪ್ಪಿಗೆ ಕೆಂಪು ಮಣ್ಣು ಕೂತು ಬಿಗಿ ಆದ್ರೆ ಬ್ರಷ್ಷಲ್ಲಿ ತೊಳೆದು, ಒಣಗಿಸಿ, ಮೇಣದಬತ್ತಿ ಉಜ್ಜೋದು. ಎಣ್ಣೆ ಹಾಕಬೇಡಿ, ಅದು ಇನ್ನಷ್ಟು ಮಣ್ಣು ಹಿಡಿಯತ್ತೆ.

ಮತ್ತೆ ತಳದಲ್ಲಿ ತೂತು. ನಗಬೇಡಿ, ಪೌಚ್ ತಗೊಳ್ಳುವಾಗ ನಾನು ಮೊದಲು ತಿರುಗಿಸಿ ನೋಡೋದು ಅದನ್ನೇ. ನಮ್ಮ ಮಳೆಗೆ ನೀರು ಒಳಗೆ ಬರದ ಹಾಗೆ ಮಾಡೋದು ಆಗದ ಮಾತು, ಬಂದದ್ದು ಹೋಗೋ ದಾರಿ ಇರಬೇಕು. ಅಗ್ಗದ ಪೌಚಿಗೆ ತೂತು ಇರಲ್ಲ. ಮೊಳೆ ಕಾಯಿಸಿ ಚುಚ್ಚಿ, ನೈಲಾನ್ ಅಂಚು ಕರಗಿ ಅಲ್ಲೇ ಗಟ್ಟಿ ಆಗತ್ತೆ, ನೂಲು ಬಿಡೋದಿಲ್ಲ. ಹಾಗಂತ ಬೆಂಕಿ ಸಲಿಗೆ ಜಾಸ್ತಿ ಬೇಡ. ಬೂಸ್ಟು ಹಿಡೀತು ಅಂತ ಒಂದು ರಾತ್ರಿ ಬೆಲ್ಟನ್ನ ಬಚ್ಚಲ ಒಲೆ ಮೇಲೆ ನೇತು ಹಾಕಿದ್ದೆ. ಬೆಳಿಗ್ಗೆ ನೋಡಿದ್ರೆ ಒಂದು ಪೌಚು ಹಪ್ಪಳ ಸುಟ್ಟ ಹಾಗೆ ಮುರುಟಿತ್ತು. ಅದೋ, ಎಡಗಡೆ ಮೂರನೇದು.

ಇನ್ನೊಂದು ಪೆದ್ದುತನ. ಉಂಬಳಕ್ಕೆ, ಅಂದ್ರೆ ಜಿಗಣೆಗೆ ಅಂತ ಉಪ್ಪಿನ ಪೊಟ್ಟಣ ಪೌಚಲ್ಲೇ ಇಟ್ಕೊಂಡಿದ್ದೆ. ಉಪ್ಪು ನೀರೆಳೆದು, ಪೊಟ್ಟಣ ಒದ್ದೆಯಾಗಿ, ಕಟಿಂಗ್ ಪ್ಲೇಯರ್ ಎರಡು ವಾರಕ್ಕೆ ಕಿತ್ತಳೆ ಬಣ್ಣಕ್ಕೆ ತಿರುಗಿತು. ಉಂಬಳ ಮಾತ್ರ ಕಚ್ಚೋದು ಕಚ್ಚಿಯೇ ಕಚ್ತು. ಉಪ್ಪೀಗ ಬೈಕಿನ ಡಿಕ್ಕೀಲಿ, ಮುಚ್ಚಳದ ಡಬ್ಬಿಯಲ್ಲಿ.

ಇಷ್ಟೆಲ್ಲಾ ಆದ್ಮೇಲೂ ನಾನು ಐದು ಪೌಚು ಹೊತ್ಕೊಂಡೇ ತಿರುಗ್ತಿದ್ದೆ. ಅದನ್ನ ಬಿಡಿಸಿದ್ದು ನಮ್ಮ ತೋಟಕ್ಕೆ ಬರೋ ಕೊನೆಗಾರರು. ಅಡಿಕೆ ಕೊಯ್ಲಿನ ದಿನ ಅವರು ಮರ ಹತ್ತೋದನ್ನ ಕೆಳಗೆ ನಿಂತು ವಿಡಿಯೋ ಮಾಡ್ತಿದ್ದೆ. ಅವರ ಸೊಂಟದ ಹಿಂದೆ ಕತ್ತಿಕೊಕ್ಕೆ. ಒಂದು ಹಗ್ಗ, ಒಂದು ಕೊಕ್ಕೆ, ಅದಕ್ಕೆ ಸಿಗಿಸಿದ ಕತ್ತಿ, ಅಷ್ಟೇ. ಮರದ ತುದೀಲಿ ಒಂದು ಕೈ ಮರಕ್ಕೆ, ಇನ್ನೊಂದು ಕೈ ಹಿಂದೆ ಹೋಗತ್ತೆ, ನೋಡೋದೂ ಇಲ್ಲ, ಕತ್ತಿ ಕೈಗೆ ಬರತ್ತೆ. ಅಡಿಕೆ ಗೊನೆ ಕೊಯ್ದ ಮೇಲೆ ಹಾಗೇ ವಾಪಸ್ ಕೊಕ್ಕೆಗೆ. ಇಳಿದು ಎಲೆ ಅಡಿಕೆ ಹಾಕ್ಕೊಳ್ತಾ ಅವರು ನನ್ನ ಬೆಲ್ಟ್ ಮುಟ್ಟಿ ನೋಡಿದ್ರು. ಒಂದು ಪೌಚಿನ ಬಕಲ್ ಬಿಚ್ಚಿ, ಮುಚ್ಚಳ ಎತ್ತಿ, ಜಿಪ್ ಎಳೆದು, "ಇಷ್ಟೆಲ್ಲಾ ಬಾಗಿಲು ಯಾಕ ತಮ್ಮಾ? ಸಾಮಾನೇನು ಓಡ್ಹೋಗ್ತದಾ?" ಅಂದ್ರು.

ಅಣ್ಣಾ, ಬಿದ್ದು ಹೋಗತ್ತೆ ಅಂತ, ಅಂದೆ ನಾನು. "ನನ್ನ ಕತ್ತಿ ಎಷ್ಟು ಸಲ ಬಿದ್ದದೆ ನೋಡಿದೀಯ?"

ಉತ್ತರ ಇರಲಿಲ್ಲ. ಅವತ್ತು ಸಂಜೆ ಹಗ್ಗದಲ್ಲಿ ನನ್ನ ಎಡಗೈ ಕಟ್ಕೊಂಡು ಬಲಗೈ ಒಂದರಲ್ಲೇ ಒಂದೊಂದು ಪೌಚಿಂದ ಸಾಮಾನು ತೆಗೆದು ವಾಪಸ್ ಇಡೋ ಪರೀಕ್ಷೆ ಮಾಡಿದೆ. ಏಣಿ ಮೇಲೆ ನನಗಿರೋದು ಒಂದೇ ಕೈ ತಾನೇ? ಐದರಲ್ಲಿ ಮೂರು ಫೇಲು. ತೆಗೆಯೋದಕ್ಕೆ ಆಗತ್ತೆ, ವಾಪಸ್ ಇಡೋಕೆ ಹೋದ್ರೆ ಪೌಚಿನ ಬಾಯಿ ತಾನೇ ಮುಚ್ಕೊಂಡಿರತ್ತೆ. ಪ್ಲೇಯರ್ ಹಲ್ಲಲ್ಲಿ ಕಚ್ಚಿ ಹಿಡ್ಕೊಳ್ಳೋ ಚಾಳಿ ನನಗೆ ಎಲ್ಲಿಂದ ಬಂತು ಅಂತ ಅವತ್ತು ಗೊತ್ತಾಯ್ತು.

ಒಂಟಿ ಕೈ ಅಂದಾಗ ಇನ್ನೊಬ್ಬರು ನೆನಪಾಗ್ತಾರೆ. ನಮ್ಮ ಪೊಲೀಸ್ ಅಧಿಕಾರಿಗಳು ಹೆಗಲ ಮೇಲಿಂದ ಅಡ್ಡ ಪಟ್ಟಿ ಇರೋ ಚರ್ಮದ ಬೆಲ್ಟ್ ಹಾಕ್ತಾರಲ್ಲ, ಅದು ಸ್ಯಾಮ್ ಬ್ರೌನ್ ಬೆಲ್ಟ್. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನಾಧಿಕಾರಿ ಹೆಸರು ಅದು. 1858ರ ಕಾಳಗದಲ್ಲಿ ಅವರ ಎಡಗೈ ಹೋಯ್ತು. ಕತ್ತಿ ಎಳೆಯೋವಾಗ ಒರೆ ಹಿಡ್ಕೊಳ್ಳೋಕೆ ಎಡಗೈ ಬೇಕು, ಅದಿಲ್ಲದ ಮೇಲೆ ಒರೆ ಅಲುಗಾಡದ ಹಾಗೆ ಹಿಡಿಯೋ ಬೆಲ್ಟ್ ಮಾಡಿಸ್ಕೊಂಡ್ರು. ನಮ್ಮ ಕೊನೆಗಾರರಿಗೆ ಈ ಕತೆ ಹೇಳಿದ್ರೆ, "ಅವರೂ ಮರ ಹತ್ತುತಿದ್ರಾ?" ಅಂತ ಕೇಳಿದ್ರು.

ಈಗಿನ ಬೆಲ್ಟ್ ತೋರಿಸ್ತೀನಿ. ತುಂಬಿದಾಗ ಒಂದು ಕಿಲೋ ಆರುನೂರು. ಬಲಗಡೆ ಬಾಯಿ ತೆರೆದ ಪೌಚು, ಅದರಲ್ಲಿ ಸ್ಟ್ರಿಪ್ಪರ್, ಪ್ಲೇಯರ್, ಟೆಸ್ಟರ್. ಪ್ಲೇಯರಿಗೂ ಸ್ಟ್ರಿಪ್ಪರಿಗೂ ದಾರ ಕಟ್ಟಿ ಬೆಲ್ಟಿಗೆ ಗಂಟು ಹಾಕಿದೆ, ಕೆಳಗೆ ಏಣಿ ಹಿಡಿದೋರ ತಲೆ ಉಳಿಬೇಕಲ್ಲ. ಎಡಗಡೆ ಜಿಪ್ಪಿನ ಪೌಚು, ಫೈಬರಿನ ಬೆಳಕು ಅಳೆಯೋ ಪವರ್ ಮೀಟರ್ ಮತ್ತೆ ಕನೆಕ್ಟರ್‌ಗಳಿಗೆ. ಅದನ್ನ ನೆಲದ ಮೇಲೆ ನಿಂತೇ ತೆಗೆಯೋದು. ಹಿಂದೆ, ಬೆನ್ನುಮೂಳೆ ಜಾಗದಲ್ಲಿ, ಏನೂ ಇಲ್ಲ. ಮೊದಲು ಅಲ್ಲೇ ಮೀಟರ್ ಇತ್ತು. ಪಾಚಿ ಹಿಡಿದ ಮೆಟ್ಟಿಲ ಮೇಲೆ ಜಾರಿ ಬೆನ್ನಡಿ ಬಿದ್ದಾಗ ಮೀಟರ್ ಉಳೀತು, ನಾನು ಹದಿನೈದು ದಿನ ಮಗ್ಗುಲು ಬದಲಾಯಿಸೋಕೆ ಒದ್ದಾಡಿದೆ. ಇನ್ನೊಂದು ವಿಷಯ, ಈ ಬೆಲ್ಟ್ ಸೇಫ್ಟಿ ಬೆಲ್ಟ್ ಅಲ್ಲ. ಇದರ ಪ್ಲಾಸ್ಟಿಕ್ ಬಕಲ್ ನಿಮ್ಮ ಭಾರ ಹೊರೋದಕ್ಕೆ ಮಾಡಿದ್ದಲ್ಲ. ಕಂಬಕ್ಕೆ ಹಗ್ಗ ಹಾಕಿ ಇದಕ್ಕೆ ಸಿಗಿಸ್ಕೊಂಡು ನಿಲ್ಲೋರನ್ನ ನೋಡಿದೀನಿ, ದಯವಿಟ್ಟು ಮಾಡಬೇಡಿ.

ಬಣ್ಣ ಯಾವುದು ತಗೊಳ್ಳಿ ಅಂತ ಕೇಳ್ತಾರೆ. ಮಿಲಿಟರಿ ಚುಕ್ಕೆ ಡಿಸೈನ್ ಬೇಡ. ನಮ್ಮ ಸೈನ್ಯ 2022ರಲ್ಲಿ ಹೊಸ ಸಮವಸ್ತ್ರ ತಂದು ಆ ವಿನ್ಯಾಸ ತನ್ನ ಹೆಸರಿಗೆ ನೋಂದಣಿ ಮಾಡಿಸಿದೆ, ಅವರ ಬಟ್ಟೆ ಅವರಿಗಿರಲಿ. ಕಪ್ಪೂ ತರಲೆಯೇ. ಒಂದು ಸಲ ರಾತ್ರಿ ಚೆಕ್‌ಪೋಸ್ಟಲ್ಲಿ ಗಾರ್ಡ್ ಟಾರ್ಚ್ ಬಿಟ್ಟು, "ಏನ್ರೀ ಅದು ಸೊಂಟದಲ್ಲಿ?" ಅಂದ್ರು. ಫೈಬರ್ ಪರೀಕ್ಷೆಯ ಲೇಸರ್ ಟಾರ್ಚ್ ತೆಗೆದು ಕೆಂಪು ಬೆಳಕು ತೋರಿಸೋಕೆ ಹೋಗಿ ಇನ್ನೂ ಹತ್ತು ನಿಮಿಷ ನಿಲ್ಲಬೇಕಾಯ್ತು. ಮಣ್ಣಿನ ಬಣ್ಣದ್ದು ತಗೊಳ್ಳಿ, ಕೊಳೆಯೂ ಕಾಣಲ್ಲ.

ಇನ್ನೂ ಬಗೆಹರಿಯದೇ ಇರೋದು ಒಂದೇ, ಫೈಬರ್ ಒರೆಸೋ ಆಲ್ಕೋಹಾಲ್ ಬಾಟಲಿ. ಬೈಕ್ ಮೇಲೆ ಕೂತಾಗ ಬೆಲ್ಟ್ ಓರೆ ಆಗತ್ತೆ, ಬಾಟಲಿ ಮಲಗತ್ತೆ, ಸೋರತ್ತೆ. ಮೂರು ಥರದ ಪೌಚ್ ನೋಡಿದೆ, ಯಾವುದರಲ್ಲೂ ನೆಟ್ಟಗೆ ನಿಲ್ಲಲ್ಲ. ಹೋದ ವಾರ ಪೇಟೆ ಟೈಲರ್ ಹತ್ರ ಹಳೇ ಜೀನ್ಸಿನ ಕಾಲು ಕೊಟ್ಟು, ಬಾಟಲಿಯನ್ನೇ ಅಳತೆಗಿಟ್ಟು ಒಂದು ಸಂಚಿ ಹೊಲಿಸಿದೆ. ಅರವತ್ತು ರೂಪಾಯಿ. "ಇದಕ್ಕೆ ಲಾಡಿ ಹಾಕ್ಲಾ?" ಅಂತ ಕೇಳಿದ್ರು, ಹಾಕಿ ಅಂದೆ. ನೋಡಿ, ಇದೇ ಅದು. ಇನ್ನೂ ಮಳೆಗೆ ಹೋಗಿಲ್ಲ. ನಾಳೆ ಹೋಗತ್ತೆ.