ಒಂದೇ ಮಾತಿಗೆ ಎಲ್ಲವೂ ಮರೆ

ಕೇಳುಗರಿಗೆ ನಮಸ್ಕಾರ.

ವೆಬ್ ಪುಟ ಕಟ್ಟುವುದನ್ನು ಈಗಷ್ಟೇ ಕಲಿಯುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇವತ್ತು ಮಾತಾಡುತ್ತೇನೆ. ಪುಟದಲ್ಲಿ ಹತ್ತಾರು ಭಾಗಗಳಿವೆ. ಅವನ್ನೆಲ್ಲ ಜಾವಾಸ್ಕ್ರಿಪ್ಟ್‌ನಿಂದ ಒಂದೇ ಸಲಕ್ಕೆ ಮರೆ ಮಾಡಬೇಕು. ಹೇಗೆ? ರೇಡಿಯೊದಲ್ಲಿ ಕೋಡ್ ತೋರಿಸಲು ಆಗುವುದಿಲ್ಲ, ಬಾಯಲ್ಲೇ ಹೇಳಬೇಕು. ಹತ್ತಿರದಲ್ಲಿ ಪೆನ್ನು ಇದ್ದರೆ ಎರಡು ಮೂರು ಹೆಸರು ಬರೆದಿಟ್ಟುಕೊಳ್ಳಿ, ಸಾಕು.

ಒಂದು ಪುಟವನ್ನು ಕಣ್ಣಮುಂದೆ ತಂದುಕೊಳ್ಳಿ. ಅದರಲ್ಲಿ 40 ಪ್ರಶ್ನೆಗಳಿವೆ. ಪ್ರತಿ ಪ್ರಶ್ನೆಯ ಕೆಳಗೆ ಒಂದು ಉತ್ತರ. ಎಲ್ಲಕ್ಕಿಂತ ಮೇಲೆ ಒಂದು ಬಟನ್: ‘ಉತ್ತರಗಳನ್ನೆಲ್ಲ ಮುಚ್ಚು’. ಅದನ್ನು ಒತ್ತಿದರೆ 40 ಉತ್ತರಗಳೂ ಮಾಯವಾಗಬೇಕು, ಪ್ರಶ್ನೆಗಳು ಮಾತ್ರ ಉಳಿಯಬೇಕು. ಇನ್ನೊಮ್ಮೆ ಒತ್ತಿದರೆ ಎಲ್ಲವೂ ವಾಪಸ್ ಬರಬೇಕು.

ಹೊಸಬರು ಮೊದಲು ಹಿಡಿಯುವ ದಾರಿ ಐಡಿ, ಅಂದರೆ ಪುಟದ ಒಂದು ಭಾಗಕ್ಕೆ ಕೊಡುವ ಗುರುತಿನ ಹೆಸರು. ಉತ್ತರ ಒಂದು, ಉತ್ತರ ಎರಡು, ಉತ್ತರ ಮೂರು ಅಂತ ಪ್ರತಿಯೊಂದಕ್ಕೂ ಐಡಿ ಕೊಡುತ್ತಾರೆ. ಆಮೇಲೆ ‘ಗೆಟ್ ಎಲಿಮೆಂಟ್ ಬೈ ಐಡಿ’ ಅಂತ 40 ಸಾಲು ಬರೆಯುತ್ತಾರೆ. ಇದು ನಡೆಯುತ್ತದೆ, ಇಲ್ಲ ಅನ್ನಲಾರೆ. ಆದರೆ 41ನೇ ಪ್ರಶ್ನೆ ಬಂದ ದಿನ ಇನ್ನೊಂದು ಸಾಲು ಸೇರಿಸಬೇಕು. ಅದು ಮರೆತೇ ಹೋಗುತ್ತದೆ. ಬೇಜಾರಾಗಿ ಕೆಲವರು 40ಕ್ಕೂ ಒಂದೇ ಐಡಿ ಕೊಟ್ಟುಬಿಡುತ್ತಾರೆ. ಆಗ ಮೊದಲನೇ ಉತ್ತರ ಮಾತ್ರ ಮಾಯವಾಗಿ, ಉಳಿದ 39 ಹಾಗೇ ಕೂತಿರುತ್ತವೆ. ಒಂದು ಐಡಿ ಇಡೀ ಪುಟದಲ್ಲಿ ಒಂದೇ ಕಡೆ ಇರಬೇಕು ಅನ್ನುವುದು ಪುಟದ ರಚನೆ ಬರೆಯುವ ಎಚ್‌ಟಿಎಂಎಲ್‌ನ ನಿಯಮ. ಬ್ರೌಸರ್ ಮೊದಲು ಸಿಕ್ಕಿದ್ದನ್ನು ಕೈಗೆ ಕೊಟ್ಟು ಸುಮ್ಮನಾಗುತ್ತದೆ.

ಗುಂಪಿಗೆ ಬೇಕಾದ್ದು ಕ್ಲಾಸ್, ಅಂದರೆ ಹಲವು ಭಾಗಗಳಿಗೆ ಒಟ್ಟಿಗೆ ಕೊಡಬಹುದಾದ ಹೆಸರು. ಸಭೆಯಲ್ಲಿ ಒಬ್ಬೊಬ್ಬರ ಹೆಸರು ಕೂಗಿ ಎಬ್ಬಿಸುವುದು ಒಂದು ಬಗೆ, ‘ಹಿಂದಿನ ಸಾಲಿನವರೆಲ್ಲ ಏಳಿ’ ಅನ್ನುವುದು ಇನ್ನೊಂದು ಬಗೆ, ಅಲ್ವಾ? 40 ಉತ್ತರಗಳಿಗೂ ‘ಉತ್ತರ’ ಅನ್ನುವ ಒಂದೇ ಕ್ಲಾಸ್ ಕೊಡಿ. ಈಗ ಜಾವಾಸ್ಕ್ರಿಪ್ಟ್‌ನಲ್ಲಿ ‘ಕ್ವೆರಿ ಸೆಲೆಕ್ಟರ್ ಆಲ್’ ಅನ್ನುವ ಆಜ್ಞೆಗೆ ‘ಡಾಟ್ ಉತ್ತರ’ ಅಂತ ಹೇಳಿದರೆ 40ರ ಪಟ್ಟಿ ಸಿಗುತ್ತದೆ. ಈ ಹೆಸರನ್ನು ಬರೆದುಕೊಳ್ಳಿ: ಕ್ವೆರಿ ಸೆಲೆಕ್ಟರ್ ಆಲ್. ಪುಟದ ನೋಟ ಬರೆಯುವ ಸಿಎಸ್‌ಎಸ್‌ನಲ್ಲಿ ಹೇಗೆ ಆಯ್ಕೆ ಮಾಡುತ್ತೀರೋ ಹಾಗೆಯೇ ಇಲ್ಲೂ ಮಾಡಬಹುದು. ಉತ್ತರಗಳ ಜೊತೆ ಟಿಪ್ಪಣಿಗಳೂ ಹೋಗಬೇಕಾದರೆ ಎರಡು ಹೆಸರಿನ ನಡುವೆ ಒಂದು ಕಾಮಾ ಹಾಕಿದರಾಯಿತು.

ಪಟ್ಟಿ ಸಿಕ್ಕಿತಲ್ಲ ಅಂತ ತಕ್ಷಣ ‘ಪಟ್ಟಿ ಡಾಟ್ ಸ್ಟೈಲ್ ಡಾಟ್ ಡಿಸ್‌ಪ್ಲೇ, ನನ್’, ಅಂದರೆ ‘ತೋರಿಸಬೇಡ’, ಅಂತ ಬರೆದರೆ ಕೆಂಪು ಅಕ್ಷರದಲ್ಲಿ ಎರರ್ ಬರುತ್ತದೆ. ಯಾಕೆಂದರೆ ಸ್ಟೈಲ್ ಇರುವುದು ಒಂದೊಂದು ಎಲಿಮೆಂಟ್‌ಗೆ, ಅಂದರೆ ಪುಟದ ಒಂದೊಂದು ಭಾಗಕ್ಕೆ. ಪಟ್ಟಿಗೆ ಸ್ಟೈಲ್ ಇಲ್ಲ. ಜೇಕ್ವೆರಿ ಅನ್ನುವ ಸಿದ್ಧ ಕೋಡ್‌ನ ಲೈಬ್ರರಿ ಬಳಸಿ ಅಭ್ಯಾಸ ಇದ್ದವರು ಇಲ್ಲಿ ಎಡವುವುದು ಜಾಸ್ತಿ. 2006ರಲ್ಲಿ ಜಾನ್ ರೆಸಿಗ್ ಹೊರತಂದ ಆ ಲೈಬ್ರರಿಯಲ್ಲಿ ಇಡೀ ಗುಂಪಿಗೆ ‘ಹೈಡ್’ ಅಂದರೆ ಮುಗಿಯಿತು, ಎಲ್ಲವೂ ಮರೆ. ಒಳಗೆ ಅದು ಲೂಪ್, ಅಂದರೆ ಒಂದೇ ಕೆಲಸವನ್ನು ಒಂದೊಂದರ ಮೇಲೂ ಮಾಡುವ ಸುತ್ತು, ಓಡಿಸುತ್ತಿತ್ತು, ನಮಗೆ ಕಾಣುತ್ತಿರಲಿಲ್ಲ ಅಷ್ಟೇ. ಲೈಬ್ರರಿ ಇಲ್ಲದೆ ಬರೆಯುವಾಗ ಆ ಲೂಪ್ ನಾವೇ ಹಾಕಬೇಕು. ‘ಫಾರ್ ಈಚ್’ ಅಂತ ಒಂದು ಸಾಲು. ಪಟ್ಟಿಯಲ್ಲಿರುವ ಪ್ರತಿಯೊಂದನ್ನೂ ಹಿಡಿದು ಡಿಸ್‌ಪ್ಲೇ ನನ್ ಮಾಡುತ್ತದೆ.

ಹಳೆಯ ಕೋಡ್‌ಗಳಲ್ಲಿ ಇನ್ನೊಂದು ಹೆಸರು ಕಾಣುತ್ತದೆ: ‘ಗೆಟ್ ಎಲಿಮೆಂಟ್ಸ್ ಬೈ ಕ್ಲಾಸ್ ನೇಮ್’. ಇದೂ ಪಟ್ಟಿಯನ್ನೇ ಕೊಡುತ್ತದೆ. ಆದರೆ ಎರಡು ಪಟ್ಟಿಗಳಿಗೂ ದೊಡ್ಡ ವ್ಯತ್ಯಾಸ ಇದೆ. ಕ್ವೆರಿ ಸೆಲೆಕ್ಟರ್ ಆಲ್ ಕೊಡುವ ಪಟ್ಟಿ ಆ ಕ್ಷಣಕ್ಕೆ ನಿಂತುಬಿಡುತ್ತದೆ. ಆಮೇಲೆ ಪುಟದಲ್ಲಿ ಏನೇ ಬದಲಾದರೂ ಅದು ಬದಲಾಗುವುದಿಲ್ಲ. ಇನ್ನೊಂದು ಜೀವಂತ ಪಟ್ಟಿ. ಪುಟ ಬದಲಾದಂತೆ ಅದೂ ಬದಲಾಗುತ್ತದೆ. ಇದರಿಂದ ಏನು ತೊಂದರೆ ಅಂತೀರಾ? ನಿಮ್ಮ ಉತ್ತರಗಳಿಗೆ ‘ತೆರೆದಿದೆ’ ಅನ್ನುವ ಕ್ಲಾಸ್ ಇದೆ ಅಂದುಕೊಳ್ಳಿ. ಆ ಕ್ಲಾಸ್ ತೆಗೆದರೆ ಉತ್ತರ ಮುಚ್ಚುತ್ತದೆ. ಜೀವಂತ ಪಟ್ಟಿ ಹಿಡಿದು, ಸೊನ್ನೆಯಿಂದ ಎಣಿಸುತ್ತಾ, ಒಂದೊಂದರಿಂದ ಆ ಕ್ಲಾಸ್ ತೆಗೆಯುತ್ತಾ ಹೋಗುತ್ತೀರಿ. ಕೊನೆಗೆ ನೋಡಿದರೆ 20 ಉತ್ತರ ಮುಚ್ಚಿವೆ, 20 ತೆರೆದೇ ಇವೆ. ಅದೂ ಒಂದು ಬಿಟ್ಟು ಒಂದು!

ಆಗಿದ್ದು ಇಷ್ಟು. ಮೊದಲನೆಯದರಿಂದ ಕ್ಲಾಸ್ ತೆಗೆದ ತಕ್ಷಣ ಅದು ಪಟ್ಟಿಯಿಂದ ಬಿದ್ದುಹೋಯಿತು. ಎರಡನೆಯದು ಅದರ ಜಾಗಕ್ಕೆ ಬಂತು. ನಿಮ್ಮ ಎಣಿಕೆ ಮಾತ್ರ ಮುಂದಿನ ಜಾಗಕ್ಕೆ ಹೋಯಿತು. ಅಲ್ಲಿ ಈಗ ಇರುವುದು ಮೂರನೆಯದು. ಹೀಗೆ ಪ್ರತಿ ಸಲವೂ ಒಂದು ತಪ್ಪಿಸಿಕೊಳ್ಳುತ್ತದೆ. ಇಂಥ ದೋಷವನ್ನು ಕಂಡುಹಿಡಿಯುವುದು ಕಷ್ಟ, ಯಾಕೆಂದರೆ ಎರರ್ ಏನೂ ಬರುವುದಿಲ್ಲ. ಕೊನೆಯಿಂದ ಹಿಂದಕ್ಕೆ ಎಣಿಸಿದರೆ ಸರಿಹೋಗುತ್ತದೆ. ಸುಮ್ನೆ ಕ್ವೆರಿ ಸೆಲೆಕ್ಟರ್ ಆಲ್ ಬಳಸಿದರೆ ಆ ತಲೆಬಿಸಿಯೇ ಇಲ್ಲ. ಜೊತೆಗೆ ಜೀವಂತ ಪಟ್ಟಿಗೆ ಫಾರ್ ಈಚ್ ಕೂಡ ಇಲ್ಲ. ನನ್ನ ಮಟ್ಟಿಗೆ ಹೊಸ ಕೋಡ್‌ನಲ್ಲಿ ಅದನ್ನು ಮುಟ್ಟಲು ಕಾರಣವೇ ಇಲ್ಲ.

ಈಗ ಮರೆ ಮಾಡುವುದರಲ್ಲೂ ಬಗೆಗಳಿವೆ. ಡಿಸ್‌ಪ್ಲೇ ನನ್ ಅಂದರೆ ಎಲಿಮೆಂಟ್ ಜಾಗ ಸಮೇತ ಹೋಗುತ್ತದೆ, ಕೆಳಗಿನವು ಮೇಲಕ್ಕೆ ಸರಿಯುತ್ತವೆ. ವಿಸಿಬಿಲಿಟಿ ಹಿಡನ್ ಅಂದರೆ ಕಾಣುವುದಿಲ್ಲ, ಆದರೆ ಜಾಗ ಖಾಲಿಯಾಗಿ ಉಳಿಯುತ್ತದೆ. ಒಪಾಸಿಟಿ ಸೊನ್ನೆ ಅಂದರೆ ಬರೀ ಪಾರದರ್ಶಕ. ಅದರೊಳಗಿನ ಲಿಂಕ್ ಕಣ್ಣಿಗೆ ಬೀಳದಿದ್ದರೂ ಒತ್ತಿದರೆ ಕೆಲಸ ಮಾಡುತ್ತದೆ. ನಮ್ಮ ಪ್ರಶ್ನೋತ್ತರ ಪುಟಕ್ಕೆ ಮೊದಲನೆಯದೇ ಸರಿ.

ಇನ್ನು ವಾಪಸ್ ತರುವುದು. ಮುಚ್ಚುವಾಗ ನನ್, ತೆರೆಯುವಾಗ ಬ್ಲಾಕ್ (ಇಡೀ ಅಗಲದ ಭಾಗವಾಗಿ ತೋರಿಸು) ಅಂತ ಬರೆಯುವುದು ಎಲ್ಲೆಲ್ಲೂ ಕಾಣುತ್ತದೆ. ಪ್ಯಾರಾ ಆಗಿದ್ದರೆ ಪರವಾಗಿಲ್ಲ. ಆದರೆ ಮರೆಯಾಗಿದ್ದು ಟೇಬಲ್‌ನ ಒಂದು ಸಾಲು ಆಗಿದ್ದರೆ? ಅದರ ಸಹಜ ಡಿಸ್‌ಪ್ಲೇ ‘ಟೇಬಲ್ ರೋ’. ಬ್ಲಾಕ್ ಅಂದ ಕೂಡಲೇ ಕಾಲಂಗಳ ಜೋಡಣೆ ಕೆಟ್ಟು, ಆ ಸಾಲು ಒಂದು ಮೂಲೆಗೆ ಮುದುಡಿಕೊಳ್ಳುತ್ತದೆ. ಫ್ಲೆಕ್ಸ್ ಅನ್ನುವ ಇನ್ನೊಂದು ಬಗೆಯ ಡಿಸ್‌ಪ್ಲೇ ಬಳಸಿ ಜೋಡಿಸಿದ್ದೂ ಚೆಲ್ಲಾಪಿಲ್ಲಿ. ಅದಕ್ಕೆ ಬ್ಲಾಕ್ ಅನ್ನುವ ಬದಲು ಖಾಲಿ ಸ್ಟ್ರಿಂಗ್ ಕೊಡಬೇಕು, ಅಂದರೆ ಎರಡು ಉದ್ಧರಣ ಚಿಹ್ನೆ, ನಡುವೆ ಏನೂ ಇಲ್ಲ. ಆಗ ಜಾವಾಸ್ಕ್ರಿಪ್ಟ್ ತಾನು ಹಾಕಿದ್ದನ್ನು ತಾನೇ ತೆಗೆದಂತಾಗುತ್ತದೆ. ಮೊದಲು ಏನಿತ್ತೋ ಅದು ಮರಳುತ್ತದೆ.

ಇಷ್ಟು ಹೊತ್ತು ಲೂಪ್ ಬಗ್ಗೆ ಹೇಳಿದೆ. ಆದರೆ ಲೂಪ್ ಬೇಕೇ ಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. 40 ಉತ್ತರಗಳೂ ಯಾವುದೋ ಒಂದು ದೊಡ್ಡ ಡಿವ್ (ಪೆಟ್ಟಿಗೆಯಂಥ ಎಲಿಮೆಂಟ್) ಒಳಗೆ ಇರುತ್ತವೆ. ಆ ತಾಯಿ ಎಲಿಮೆಂಟ್‌ಗೆ ‘ಮುಚ್ಚಿದೆ’ ಅನ್ನುವ ಒಂದು ಕ್ಲಾಸ್ ಸೇರಿಸಿ. ಸಿಎಸ್‌ಎಸ್‌ನಲ್ಲಿ ಒಂದೇ ನಿಯಮ ಬರೆದಿಡಿ: ‘ಡಾಟ್ ಮುಚ್ಚಿದೆ’, ಒಂದು ಸ್ಪೇಸ್, ‘ಡಾಟ್ ಉತ್ತರ’, ಅದಕ್ಕೆ ಡಿಸ್‌ಪ್ಲೇ ನನ್. ಮುಚ್ಚಿದ ಡಿವ್ ಒಳಗಿರುವ ಉತ್ತರಗಳು ಕಾಣಬಾರದು ಅಂತ ಅದರ ಅರ್ಥ. ಬಟನ್ ಒತ್ತಿದಾಗ ಜಾವಾಸ್ಕ್ರಿಪ್ಟ್ ಮಾಡುವುದು ಒಂದೇ ಕೆಲಸ, ‘ಕ್ಲಾಸ್ ಲಿಸ್ಟ್ ಡಾಟ್ ಟಾಗಲ್’. ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಹಾಕುತ್ತದೆ. ಪಟ್ಟಿ ಇಲ್ಲ, ಲೂಪ್ ಇಲ್ಲ, ಬ್ಲಾಕ್ ಕೊಡಬೇಕೋ ಫ್ಲೆಕ್ಸ್ ಕೊಡಬೇಕೋ ಅನ್ನುವ ಯೋಚನೆಯೂ ಇಲ್ಲ.

ಇದರ ನಿಜವಾದ ಲಾಭ ಗೊತ್ತಾಗುವುದು ಪುಟ ಬೆಳೆದಾಗ. ಓದುಗರು ಕೆಳಗೆ ಹೋದಂತೆ ಸರ್ವರ್‌ನಿಂದ ಇನ್ನೂ 10 ಪ್ರಶ್ನೆ ಬಂದು ಸೇರುತ್ತವೆ ಅಂದುಕೊಳ್ಳಿ. ಲೂಪ್ ಓಡಿಸಿದವರ ಪುಟದಲ್ಲಿ ಹಳೆಯ 40 ಮುಚ್ಚಿರುತ್ತವೆ, ಹೊಸ 10 ತೆರೆದುಕೊಂಡು ಬರುತ್ತವೆ. ಲೂಪ್ ಓಡಿದಾಗ ಅವು ಇರಲೇ ಇಲ್ಲವಲ್ಲ! ತಾಯಿಗೆ ಕ್ಲಾಸ್ ಕೊಟ್ಟವರ ಪುಟದಲ್ಲಿ ಹೊಸವೂ ಮುಚ್ಚಿಕೊಂಡೇ ಬರುತ್ತವೆ. ಸಿಎಸ್‌ಎಸ್ ನಿಯಮ ಯಾರು ಯಾವಾಗ ಬಂದರು ಅಂತ ಕೇಳುವುದಿಲ್ಲ. ಪುಟ ಯಾವ ಸ್ಥಿತಿಯಲ್ಲಿದೆ ಅಂತ ಜಾವಾಸ್ಕ್ರಿಪ್ಟ್ ಹೇಳಲಿ, ಆ ಸ್ಥಿತಿಯಲ್ಲಿ ಏನು ಕಾಣಬೇಕು ಅನ್ನುವುದನ್ನು ಸಿಎಸ್‌ಎಸ್ ನೋಡಿಕೊಳ್ಳಲಿ.

ಲೂಪ್ ನಿಧಾನ, ಅದಕ್ಕೇ ಬೇಡ ಅಂತ ಕೆಲವರು ಹೇಳುತ್ತಾರೆ. ಅದು ಪೂರ್ತಿ ಸರಿಯಲ್ಲ. 40 ಎಲಿಮೆಂಟ್ ಬದಲಾಯಿಸಿದರೂ ಬ್ರೌಸರ್ ಅವನ್ನೆಲ್ಲ ಕೂಡಿಸಿಟ್ಟುಕೊಂಡು, ಕೊನೆಗೆ ಒಂದೇ ಸಲ ಪುಟವನ್ನು ಹೊಸದಾಗಿ ಜೋಡಿಸುತ್ತದೆ. ನಿಧಾನವಾಗುವುದು ಯಾವಾಗ ಅಂದರೆ, ಒಂದನ್ನು ಮರೆ ಮಾಡಿ, ಇನ್ನೊಂದರ ಎತ್ತರ ಅಳೆದು, ಮತ್ತೊಂದನ್ನು ಮರೆ ಮಾಡಿ, ಮತ್ತೆ ಅಳೆದು ಹೀಗೆ ಮಾಡಿದಾಗ. ಅಳತೆ ಕೇಳಿದಾಗಲೆಲ್ಲ ಬ್ರೌಸರ್ ಅಲ್ಲೇ ನಿಂತು ಲೆಕ್ಕ ಹಾಕಲೇಬೇಕು. ಅಳೆಯುವುದೆಲ್ಲ ಮೊದಲು ಮುಗಿಸಿ, ಬದಲಾಯಿಸುವುದು ಆಮೇಲೆ ಇಟ್ಟುಕೊಳ್ಳಿ.

ಎಚ್‌ಟಿಎಂಎಲ್‌ನಲ್ಲೇ ‘ಹಿಡನ್’ ಅನ್ನುವ ಗುಣ (ಆಟ್ರಿಬ್ಯೂಟ್) ಇದೆ. ಅದೂ ಒಳ್ಳೆಯದೇ. ಒಂದು ಕೊರತೆ: ಆ ಎಲಿಮೆಂಟ್‌ಗೆ ನಿಮ್ಮ ಸಿಎಸ್‌ಎಸ್‌ನಲ್ಲಿ ಡಿಸ್‌ಪ್ಲೇ ಫ್ಲೆಕ್ಸ್ ಅಂತ ಇದ್ದರೆ, ಹಿಡನ್ ಹಾಕಿದರೂ ಅದು ರಾಜಾರೋಷವಾಗಿ ಕಾಣುತ್ತಲೇ ಇರುತ್ತದೆ. ಬ್ರೌಸರ್‌ನ ಸ್ವಂತ ನಿಯಮಕ್ಕಿಂತ ನಿಮ್ಮ ನಿಯಮದ ಕೈ ಮೇಲು.

ಫಾರ್ಮ್‌ಗಳಲ್ಲಿ ಮರೆ ಮಾಡುವಾಗ ಮಾತ್ರ ತುಂಬ ಹುಷಾರಾಗಿರಬೇಕು. ‘ಮದುವೆಯಾಗಿದೆಯೇ’ ಅನ್ನುವುದಕ್ಕೆ ‘ಇಲ್ಲ’ ಅಂದರೆ ಸಂಗಾತಿಯ ವಿವರ ಕೇಳುವ ಐದಾರು ಖಾನೆಗಳು ಮರೆಯಾಗಬೇಕು. ಮರೆಯಾದವು. ಆದರೆ ಅವುಗಳಲ್ಲಿ ಮೊದಲೇ ಏನಾದರೂ ಬರೆದಿದ್ದರೆ ಅದೂ ಸರ್ವರ್‌ಗೆ ಹೋಗುತ್ತದೆ. ಕಾಣದಿರುವುದಕ್ಕೂ ಕಳಿಸದಿರುವುದಕ್ಕೂ ಸಂಬಂಧ ಇಲ್ಲ. ಇನ್ನೂ ಕೆಟ್ಟದ್ದು, ಆ ಖಾನೆಗಳಲ್ಲಿ ಒಂದಕ್ಕೆ ‘ರಿಕ್ವೈರ್ಡ್’ (ತುಂಬಲೇಬೇಕು) ಅಂತ ಇದ್ದು ಅದು ಖಾಲಿ ಇದ್ದರೆ ಬ್ರೌಸರ್ ಫಾರ್ಮ್ ಕಳಿಸಲು ಬಿಡುವುದಿಲ್ಲ. ಯಾಕೆ ಅಂತ ತೋರಿಸೋಣ ಅಂದರೆ ಆ ಖಾನೆಯೇ ಕಾಣುತ್ತಿಲ್ಲ! ತುಂಬುವವರು ಬಟನ್ ಒತ್ತುತ್ತಲೇ ಇರುತ್ತಾರೆ, ಏನೂ ಆಗುವುದಿಲ್ಲ. ಪರಿಹಾರ ಸುಲಭ. ಆ ಖಾನೆಗಳನ್ನೆಲ್ಲ ಒಂದು ‘ಫೀಲ್ಡ್‌ಸೆಟ್’ ಒಳಗೆ ಇಡಿ. ಮರೆ ಮಾಡುವಾಗ ಆ ಫೀಲ್ಡ್‌ಸೆಟ್‌ಗೆ ‘ಡಿಸೇಬಲ್ಡ್’ ಅಂತಲೂ ಹೇಳಿ. ಒಳಗಿನವೆಲ್ಲ ಒಟ್ಟಿಗೇ ನಿಷ್ಕ್ರಿಯವಾಗುತ್ತವೆ, ಸರ್ವರ್‌ಗೂ ಹೋಗುವುದಿಲ್ಲ, ತಡೆಯುವುದೂ ಇಲ್ಲ. ಇಲ್ಲೂ ನೋಡಿ, ತಾಯಿಗೆ ಹೇಳಿದರೆ ಸಾಕು.

ಗುಟ್ಟಾಗಿ ಇಡಬೇಕಾದ್ದನ್ನು ಹೀಗೆ ಮರೆ ಮಾಡಲೇಬೇಡಿ. ಪರೀಕ್ಷೆಯ ಸರಿ ಉತ್ತರವನ್ನು ಡಿಸ್‌ಪ್ಲೇ ನನ್ ಮಾಡಿ ಇಟ್ಟರೆ, ಪುಟದ ಮೂಲ ತೆರೆದು ನೋಡುವ ಯಾರಿಗಾದರೂ ಅದು ಸಿಗುತ್ತದೆ. ಅಂಥದ್ದು ಸರ್ವರ್‌ನಿಂದ ಬರಲೇಬಾರದು.

ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಬಳಸಿ ಪುಟ ಕೇಳುತ್ತಾರೆ. ಡಿಸ್‌ಪ್ಲೇ ನನ್ ಆದದ್ದನ್ನು ಅದು ಓದುವುದಿಲ್ಲ, ಒಪಾಸಿಟಿ ಸೊನ್ನೆ ಆದದ್ದನ್ನು ಓದುತ್ತದೆ. ‘ಮುಚ್ಚು’ ಬಟನ್ ಒತ್ತಿದ ಮೇಲೆ ಏನಾಯಿತು ಅಂತ ಅವರಿಗೆ ತಿಳಿಯುವುದು ಹೇಗೆ? ಅದಕ್ಕಾಗಿ ಬಟನ್ ಮೇಲೆ ‘ಏರಿಯಾ ಎಕ್ಸ್‌ಪ್ಯಾಂಡೆಡ್’ (ಮೊದಲ ಪದದ ಅಕ್ಷರಗಳು ಎ, ಆರ್, ಐ, ಎ) ಅನ್ನುವ ಗುಣ ಇಟ್ಟು, ತೆರೆದಾಗ ಟ್ರೂ, ಮುಚ್ಚಿದಾಗ ಫಾಲ್ಸ್ ಮಾಡಬೇಕು. ಒಂದೇ ಸಾಲಿನ ಕೆಲಸ, ಆದರೂ ಹೆಚ್ಚಿನವರು ಬಿಟ್ಟುಬಿಡುತ್ತಾರೆ.

ಶುರುವಿನಲ್ಲೇ ಎಲ್ಲ ಉತ್ತರ ಮುಚ್ಚಿರಬೇಕು ಅಂದರೆ ‘ಮುಚ್ಚಿದೆ’ ಕ್ಲಾಸನ್ನು ಎಚ್‌ಟಿಎಂಎಲ್‌ನಲ್ಲೇ ಬರೆದಿಡಬಹುದು. ಆದರೆ ಏನೋ ಕಾರಣಕ್ಕೆ ಜಾವಾಸ್ಕ್ರಿಪ್ಟ್ ಓಡಲಿಲ್ಲ ಅಂದರೆ ಉತ್ತರಗಳು ಯಾರಿಗೂ ಸಿಗುವುದೇ ಇಲ್ಲ. ಕ್ಲಾಸ್ ಹಾಕುವುದೂ ಜಾವಾಸ್ಕ್ರಿಪ್ಟೇ ಆಗಿರಲಿ. ಅದನ್ನು ಪುಟದ ಕೊನೆಗೆ ಇಟ್ಟರೆ ಉತ್ತರಗಳು ಒಮ್ಮೆ ಮಿಂಚಿ ಮಾಯವಾಗುತ್ತವೆ, ನೋಡಲು ಚೆನ್ನಾಗಿರುವುದಿಲ್ಲ. ಹೆಡ್ ಭಾಗದಲ್ಲೇ ಒಂದು ಪುಟ್ಟ ಸ್ಕ್ರಿಪ್ಟ್ ಇಟ್ಟು, ಎಚ್‌ಟಿಎಂಎಲ್ ಎಲಿಮೆಂಟ್‌ಗೇ ಆ ಕ್ಲಾಸ್ ಕೊಟ್ಟರೆ ಮಿಂಚುವುದು ತಪ್ಪುತ್ತದೆ. ಆಗ ಬಟನ್ ಟಾಗಲ್ ಮಾಡಬೇಕಾದ್ದೂ ಅದೇ ಎಲಿಮೆಂಟ್‌ನಲ್ಲಿ.

ಕೊನೆಯದಾಗಿ ಹುಡುಕಾಟದ ವಿಷಯ. ಓದುಗರು ಕಂಟ್ರೋಲ್ ಎಫ್ ಒತ್ತಿ ಪುಟದಲ್ಲಿ ಒಂದು ಪದ ಹುಡುಕುತ್ತಾರೆ. ಆ ಪದ 27ನೇ ಉತ್ತರದಲ್ಲಿದೆ, ಆದರೆ ಉತ್ತರ ಮುಚ್ಚಿದೆ. ಡಿಸ್‌ಪ್ಲೇ ನನ್ ಆಗಿದ್ದರೆ ಬ್ರೌಸರ್‌ಗೆ ಅದು ಸಿಗುವುದಿಲ್ಲ. 2022ರಲ್ಲಿ ಕ್ರೋಮ್ ಇದಕ್ಕೊಂದು ದಾರಿ ಮಾಡಿತು. ಹಿಡನ್ ಗುಣಕ್ಕೆ ‘ಅಂಟಿಲ್ ಫೌಂಡ್’ ಅನ್ನುವ ಮೌಲ್ಯ ಕೊಟ್ಟರೆ ಉತ್ತರ ಮುಚ್ಚಿರುತ್ತದೆ, ಹುಡುಕಾಟದಲ್ಲಿ ಸಿಕ್ಕರೆ ತಾನೇ ತೆರೆದುಕೊಳ್ಳುತ್ತದೆ. ಇದನ್ನು ಮಾತ್ರ ಪ್ರತಿ ಉತ್ತರದ ಮೇಲೂ ಹಾಕಬೇಕು, ತಾಯಿಗೆ ಹೇಳಿದರೆ ನಡೆಯುವುದಿಲ್ಲ. ಅಂದರೆ ಕ್ವೆರಿ ಸೆಲೆಕ್ಟರ್ ಆಲ್ ಮತ್ತು ಫಾರ್ ಈಚ್ ಮತ್ತೆ ಬೇಕಾಗುತ್ತವೆ. ಉದ್ದನೆಯ ಪ್ರಶ್ನೋತ್ತರ ಪುಟವಾದರೆ ಆ ಲೂಪ್ ಬರೆಯಲು ನಾನು ಹಿಂಜರಿಯುವುದಿಲ್ಲ.

ನಮಸ್ಕಾರ.