ಮಳೆ ಬರೋ ಮುಂಚೆ ಸಾರಿನ ಪುಡಿ | ಲಾಲ್‌ಬಾಗ್ ಮಿರ್ಚಿ ಗಲ್ಲಿಯಿಂದ ಡೊಂಬಿವಲಿ ಅಡುಗೆಮನೆಗೆ

ನಮಸ್ಕಾರ ಎಲ್ರಿಗೂ. ಹಿಂದೆ ಧಡ್ ಧಡ್ ಅಂತ ಕೇಳಿಸ್ತಾ ಉಂಟಲ್ಲ, ಅದು ಡಂಕ್, ಮಸಾಲೆ ಕುಟ್ಟೋ ಮೆಷಿನ್. ಲಾಲ್‌ಬಾಗ್ ಮಿರ್ಚಿ ಗಲ್ಲಿಲಿ ಇದ್ದೇನೆ, ಬೆಂಗಳೂರಿನ ಲಾಲ್‌ಬಾಗ್ ಅಲ್ಲ, ನಮ್ಮ ಮುಂಬೈದು, ಕರಿ ರೋಡ್ ಸ್ಟೇಷನ್‌ನಲ್ಲಿ ಇಳಿದು ನಡ್ಕೊಂಡು ಬಂದ್ರೆ ಆಯ್ತು, ಫಾಸ್ಟ್ ಟ್ರೇನ್ ಅಲ್ಲಿ ನಿಲ್ಲಲ್ಲ ಹಾಗಾಗಿ ಡೊಂಬಿವಲಿಯಿಂದ ಸ್ಲೋ ಹಿಡ್ಕೊಂಡು ಬಂದೆ. ಕಬ್ಬಿಣದ ಒನಕೆ ಮೇಲೆ ಹೋಗಿ ಕೆಳಗೆ ಬೀಳೋದು ನೋಡಿ, ಅದೇ ಕುಟ್ಟೋದು. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ ಕಾಲಿಡ್ಲಿಕ್ಕೆ ಜಾಗ ಇರಲ್ಲ, ಜೂನ್‌ನಲ್ಲಿ ಮಳೆ ಶುರುವಾದ್ಮೇಲೆ ಮೆಣಸು ಒಣಗಲ್ಲ, ಪುಡಿ ಗಂಟು ಕಟ್ತದೆ, ಹಾಗಾಗಿ ಮರಾಠಿಯವರು, ಮಾಲ್ವಣಿಯವರು, ನಮ್ಮಂಥವರು ಎಲ್ಲರೂ ಇದೇ ಎರಡು ತಿಂಗಳಲ್ಲಿ ವರ್ಷದ ಮಸಾಲೆ ಮಾಡಿ ಇಡ್ತಾರೆ.

ಈಸ್ಟ್ ಇಂಡಿಯನ್ ಕಮ್ಯೂನಿಟಿಯವರ ಬಾಟ್ಲ್ ಮಸಾಲಾ ಕೇಳಿರಬಹುದು, ಬಾಂದ್ರಾ, ವಸಯಿ ಕಡೆಯ ಕ್ಯಾಥೊಲಿಕ್ ಕ್ರೈಸ್ತರು. ಅವರೂ ಬೇಸಿಗೆಲೇ ಕುಟ್ಟಿ ಕಂದು ಬಣ್ಣದ ಬಿಯರ್ ಬಾಟ್ಲಿಯಲ್ಲಿ ಗಟ್ಟಿಯಾಗಿ ತುಂಬಿಸ್ತಾರೆ, ಬೆಳಕು ಬೀಳಬಾರದು ಅಂತ. ನಾನೂ ಈಗ ಪುಡಿನ ಗ್ಯಾಸ್ ಪಕ್ಕ ಶೆಲ್ಫ್‌ನಲ್ಲಿ ಇಡೋದು ಬಿಟ್ಟಿದ್ದೇನೆ.

ಮೆಣಸು ಮಾತ್ರ ಇಲ್ಲಿ ತಗೊಳ್ಳಲ್ಲ. ಅತ್ತೆಯವರ ಊರು ರಾಣೆಬೆನ್ನೂರು ಹತ್ರ, ಬ್ಯಾಡಗಿ ಪಕ್ಕದಲ್ಲೇ, ಅವರು ಬರುವಾಗ ಒಂದು ಚೀಲ ಬ್ಯಾಡಗಿ ಮೆಣಸಿನಕಾಯಿ ತರ್ತಾರೆ. ಇದು ನೋಡಿ, ಕಡ್ಡಿ ಅಂತಾರೆ ಇದಕ್ಕೆ, ಉದ್ದ, ಸಪೂರ, ಮೈಯೆಲ್ಲ ಸುಕ್ಕು, ಬೀಜ ಕಮ್ಮಿ. ಗಿಡ್ಡಕ್ಕೆ ದಪ್ಪಕ್ಕೆ ಇರೋದು ಡಬ್ಬಿ. 2011ರಲ್ಲಿ ಬ್ಯಾಡಗಿಗೆ ಜಿಐ ಟ್ಯಾಗ್ ಸಿಕ್ಕಿದೆ, ಆದ್ರೆ ನಮ್ಮ ಅತ್ತೆ ಟ್ಯಾಗ್ ನೋಡಲ್ಲ, ಕೈಯಲ್ಲಿ ಮುರಿದು ಮೂಸಿ ನೋಡ್ತಾರೆ. ಖಾರ ಬೇಕಾದ್ರೆ ಇಲ್ಲಿ ಲವಂಗಿ ಉಂಟು, ಗುಂಟೂರು ಉಂಟು, ಸಂಕೇಶ್ವರಿ ಉಂಟು. ಬಣ್ಣಕ್ಕೆ ಮಾತ್ರ ಬ್ಯಾಡಗಿನೇ.

ಹಾಂ, ಒಂದು ಮಾತು ನೆನಪಾಯ್ತು. ನಮ್ಮ ಉಡುಪಿ ಕಡೆ ಕಾಳುಮೆಣಸಿಗೆ ಒಳ್ಳೆಮೆಣಸು ಅಂತೇವೆ. ಚಿಕ್ಕವಳಿದ್ದಾಗ ಯಾಕೆ ಒಳ್ಳೆ ಅಂತ ಕೇಳ್ತಿದ್ದೆ. ಈ ಕೆಂಪು ಮೆಣಸಿನಕಾಯಿ ಅಮೆರಿಕಾ ಖಂಡದ್ದು, ಪೋರ್ಚುಗೀಸರ ಹಡಗಲ್ಲಿ ನಮ್ಮ ಕರಾವಳಿಗೆ ಬಂದದ್ದು. ಅದಕ್ಕೆ ಮುಂಚೆ ನಮ್ಮ ಅಡುಗೆಯ ಖಾರ ಅಂದ್ರೆ ಕಾಳುಮೆಣಸು, ಶುಂಠಿ, ಹಿಪ್ಪಲಿ. ಮೆಣಸು ಅನ್ನೋ ಹೆಸರು ಮೊದ್ಲು ಅದರದ್ದೇ, ಇದು ಆಮೇಲೆ ಬಂದು ಹೆಸರು ತಗೊಂಡದ್ದು.

ಈಗ ಮನೆಗೆ ಬಂದಿದ್ದೇವೆ. ಅಮ್ಮನ ಸಾರಿನ ಪುಡಿ ಅಳತೆ ಕೇಳ್ತಾ ಇರ್ತೀರಿ ತುಂಬ ಜನ, ಹೇಳ್ತೇನೆ ಬರ್ಕೊಳ್ಳಿ. ಒಂದು ಕಪ್ ಕೊತ್ತಂಬರಿ ಬೀಜ, 25 ಬ್ಯಾಡಗಿ, ಒಂದು ದೊಡ್ಡ ಚಮಚ ಜೀರಿಗೆ, ಒಂದು ಸಣ್ಣ ಚಮಚ ಮೆಂತೆ, ಎರಡು ಎಸಳು ಕರಿಬೇವು, ಕಡ್ಲೆ ಗಾತ್ರದ ಗಟ್ಟಿ ಇಂಗು, ಹುರೀಲಿಕ್ಕೆ ಎರಡು ಚಮಚ ತೆಂಗಿನೆಣ್ಣೆ. ಅಷ್ಟೇ. ಇದರಲ್ಲಿ ಗುಟ್ಟು ಏನೂ ಇಲ್ಲ, ಇದೇ ಅಳತೆ ಹಿಡ್ಕೊಂಡು ನಾಲ್ಕು ಜನ ಮಾಡಿದ್ರೆ ನಾಲ್ಕು ರುಚಿ ಬರ್ತದೆ, ಯಾಕಂದ್ರೆ ಹುರಿಯೋದು ಬೇರೆ ಬೇರೆ.

ಎಲ್ಲ ಒಟ್ಟಿಗೆ ಬಾಣಲೆಗೆ ಸುರೀಬೇಡಿ ದಯವಿಟ್ಟು. ಕೊತ್ತಂಬರಿಗೆ ಬೇಕಾದ ಹೊತ್ತು ಜೀರಿಗೆಗೆ ಬೇಡ, ಜೀರಿಗೆ ಸಣ್ಣದು, ಬೇಗ ಸುಡ್ತದೆ. ಮೊದ್ಲು ಎಣ್ಣೆಯಲ್ಲಿ ಇಂಗು, ಅದು ಉಬ್ಬಿ ಗರಿಗರಿ ಆದ್ಮೇಲೆ ತೆಗೀರಿ. ಅದೇ ಎಣ್ಣೆಗೆ ಮೆಂತೆ, ಸಣ್ಣ ಉರಿ, ಇಲ್ಲಿ ಫೋನ್ ನೋಡೋದು ಬೇಡ. ಹೋದ ವರ್ಷ ಯಾರೋ ಬೆಲ್ ಮಾಡಿದ್ರು ಅಂತ ಬಾಗಿಲಿಗೆ ಹೋಗಿ ಬಂದೆ, ಅಷ್ಟರಲ್ಲಿ ಮೆಂತೆ ಕೆಂಪು ದಾಟಿ ಕಪ್ಪಾಗಿತ್ತು, ಪರವಾಗಿಲ್ಲ ಅಂತ ಹಾಕಿದೆ, ಇಡೀ ಡಬ್ಬ ಕಹಿ. ಒಂದು ಚಮಚ ಮೆಂತೆ ಹೋದ್ರೆ ಹೋಗ್ಲಿ, ಬಿಸಾಡಿ ಬೇರೆ ಹುರೀರಿ. ಆಮೇಲೆ ಕೊತ್ತಂಬರಿ, ಬಣ್ಣಕ್ಕಿಂತ ಪರಿಮಳ ನೋಡಿ, ಹಸಿ ವಾಸನೆ ಹೋಗಿ ಘಮ್ ಅಂತ ಬರ್ತದಲ್ಲ ಅಲ್ಲಿ ನಿಲ್ಲಿಸ್ಬೇಕು, ಬಾಣಲೆಯ ಬಿಸಿಯಲ್ಲೇ ಇನ್ನೂ ಸ್ವಲ್ಪ ಹುರೀತದೆ. ಜೀರಿಗೆ ಅದೇ ಬಿಸಿಗೆ ಸಾಕು. ಕರಿಬೇವು ಗರಿಗರಿ ಆಗ್ಬೇಕು, ನೀರು ಉಳಿದ್ರೆ ಪುಡಿ ಹಾಳಾಗೋದು ಅಲ್ಲಿಂದಲೇ. ಕೊನೆಗೆ ತೊಟ್ಟು ತೆಗೆದ ಮೆಣಸು, ಎಣ್ಣೆಯಲ್ಲಿ ಉಬ್ಬಿ ಹೊಳಪು ಬರೋವರೆಗೆ.

ಪೂರ್ತಿ ತಣೀಲಿ, ಆಮೇಲೆ ಮಿಕ್ಸಿ. ವರ್ಷಕ್ಕೆ ಬೇಕಾದದ್ದನ್ನ ಹುರಿದು ಡಂಕ್‌ಗೆ ಕೊಡ್ತೇನೆ, ಸ್ವಲ್ಪ ಆದ್ರೆ ಮಿಕ್ಸಿಯಲ್ಲೇ, ನಿಲ್ಲಿಸಿ ನಿಲ್ಲಿಸಿ. ಒಂದೇ ಸಮ ತಿರುಗಿಸಿದ್ರೆ ಜಾರ್ ಬಿಸಿಯಾಗಿ ಪರಿಮಳ ಅಲ್ಲೇ ಹಾರಿ ಹೋಗ್ತದೆ. ಪುಡಿನೂ ಪೇಪರ್ ಮೇಲೆ ಹರಡಿ ಆರಿಸಿ ಬಾಟ್ಲಿಗೆ ಹಾಕಿ, ಬಿಸಿ ಇರುವಾಗ ಮುಚ್ಚಿದ್ರೆ ಒಳಗೆ ಬೆವರ್ತದೆ.

ಈಗ ನಿಜವಾದ ವಿಷಯಕ್ಕೆ ಬರ್ತೇನೆ, ಒಗ್ಗರಣೆ. ಮದುವೆಯಾಗಿ ಬಂದಾಗ ನನಗೆ ಇದ್ದ ದೊಡ್ಡ ಗೊಂದಲ ಇದೇ. ನಮ್ಮಲ್ಲಿ ಒಗ್ಗರಣೆ ಕೊನೆಗೆ. ಸಾರು ಕುದಿದು, ಪುಡಿ ಬಿದ್ದು, ಇಳಿಸಿದ ಮೇಲೆ ತೆಂಗಿನೆಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಕರಿಬೇವು ಹಾಕಿ ಸುರಿದು ತಕ್ಷಣ ಮುಚ್ಚಳ. ಕೊದ್ದೆಲ್‌ಗಾದ್ರೆ, ಅಂದ್ರೆ ತೆಂಗಿನಕಾಯಿ ಅರೆದು ಮಾಡೋ ಸಾಂಬಾರಿಗೆ, ಜಜ್ಜಿದ ಬೆಳ್ಳುಳ್ಳಿ, ಕೆಂಪಾಗೋವರೆಗೆ. ಅತ್ತೆ ನೋಡಿ ಹೇಳಿದ್ರು, "ಯವ್ವಾ, ಖಾರ ಮೊದ್ಲ ಎಣ್ಯಾಗ ಬೀಳಬೇಕ, ಇಲ್ಲಾಂದ್ರ ಬಣ್ಣ ಬರಂಗಿಲ್ಲ." ಅವರು ಶೇಂಗಾ ಎಣ್ಣೆ ಕಾಯಿಸಿ ಉಳ್ಳಾಗಡ್ಡಿ ಹುರಿದು, ಅದಕ್ಕೆ ಮಸಾಲಿ ಖಾರ ಹಾಕಿ, ಆಮೇಲೆ ನೀರು. ಅಮ್ಮನಿಗೆ ಫೋನ್ ಮಾಡಿ ಹೇಳಿದ್ರೆ, "ಅಯ್ಯೋ ಮಾರಾಯ್ತಿ, ಪುಡಿ ಕರಟಿ ಹೋಗುದಿಲ್ವಾ?" ಅಂದ್ರು.

ಇಬ್ಬರೂ ಸರಿನೇ. ಮೆಣಸಿನ ಕೆಂಪು ಬಣ್ಣ, ಖಾರ ಎರಡೂ ಎಣ್ಣೆಯಲ್ಲಿ ಕರಗುವಷ್ಟು ನೀರಲ್ಲಿ ಕರಗಲ್ಲ. ಎಣ್ಣೆಗೆ ಮೊದ್ಲೇ ಹಾಕಿದ್ರೆ ಪಲ್ಯದ ಮೇಲೆ ಕೆಂಪು ಎಣ್ಣೆ ತೇಲ್ತದೆ, ರುಚಿ ಆಳಕ್ಕೆ ಇಳೀತದೆ, ಎಣ್ಣೆಗಾಯಿ ಬದನೆಕಾಯಿಗೆ ಅದೇ ಬೇಕು. ಆದ್ರೆ ಅಮ್ಮ ಹೆದರಿದ್ದೂ ನಿಜ, ಸೆಕೆಂಡುಗಳಲ್ಲಿ ಕರಟ್ತದೆ, ಅದಕ್ಕೆ ಅತ್ತೆ ಪುಡಿ ಹಾಕಿದ ಕೂಡ್ಲೇ ಒಂದು ಸೌಟು ನೀರು ಹಾಕ್ತಾರೆ, ಈ ಚುಂಯ್ ಶಬ್ದ ಅದೇ. ಸಾರು ತೆಳ್ಳಗೆ, ಅಲ್ಲಿ ಎಣ್ಣೆ ತೇಲೋದು ಬೇಡ, ಪರಿಮಳ ಮೇಲೆ ನಿಲ್ಲಬೇಕು, ಹಾಗಾಗಿ ಒಗ್ಗರಣೆ ಕೊನೆಗೆ.

ಸಾಸಿವೆ ವಿಷಯ ಬೇಗ ಹೇಳಿ ಬಿಡ್ತೇನೆ. ಚಟಪಟ ನಿಲ್ಲೋವರೆಗೆ ಕಾಯಿರಿ. ಒಳಗಿನ ನೀರಿನಂಶ ಆವಿಯಾಗಿ ಸಿಪ್ಪೆ ಒಡೆಯೋದೇ ಆ ಶಬ್ದ, ಸಿಡಿಯದೇ ಉಳಿದ ಸಾಸಿವೆ ಬಾಯಿಗೆ ಸಿಕ್ಕಿದ್ರೆ ಕಹಿ. ಕರಿಬೇವು ಆಮೇಲೆ, ಪುಡಿ ಇಂಗು ಉರಿ ಆರಿಸಿದ ಮೇಲೆ.

ಇವತ್ತು ಒಂದೇ ಪುಡಿ, ಒಂದೇ ತೊಗರಿಬೇಳೆ, ಎರಡು ಪಾತ್ರೆ. ಎಡಗಡೆದು ಅಮ್ಮನ ಕ್ರಮ, ಬಲಗಡೆದು ಅತ್ತೆದು. ಬಣ್ಣ ನೋಡಿ, ಒಂದೇ ಡಬ್ಬದ ಪುಡಿ ಅಂತ ನಂಬ್ತೀರಾ? ಪಕ್ಕದ ಮನೆ ಕಾಕುನೂ ರುಚಿ ನೋಡಿದ್ರು, ಎಡಗಡೆದು ಕುಡೀಲಿಕ್ಕೆ, ಬಲಗಡೆದು ಭಾಕ್ರಿಗೆ ಅಂದ್ರು, ಅತ್ತೆ ಆಗ್ಲೇ ರೊಟ್ಟಿ ಮುರೀತಿದ್ರು. ಕಾಕು ಮನೆಯಲ್ಲಿ ನಾಳೆ ಗೋಡಾ ಮಸಾಲಾ, ಮರಾಠಿಯವರ ಮಸಾಲೆ ಪುಡಿ ಅದು. ಅದಕ್ಕೆ ಕಲ್ಲುಹೂವು, ನಾಗಕೇಸರ, ಒಣಕೊಬ್ಬರಿ ಎಲ್ಲ ಬಾಲ್ಕನಿಯಲ್ಲಿ ಒಣಗ್ತಾ ಉಂಟು, ಬೆಳಿಗ್ಗೆ ಏಳಕ್ಕೇ ಬಾ ಅಂದಿದ್ದಾರೆ, ಕ್ಯಾಮೆರಾ ತಗೊಂಡು ಹೋಗ್ತೇನೆ.