ನೆಟ್ ಇಲ್ಲದೋರ ಅಭಿಪ್ರಾಯ ಎಲ್ಲಿ ಓದೋದು?

ಎಲ್ಲರಿಗೂ ಶರಣು ಶರಣಾರ್ಥಿ. ಬ್ಲೆಂಡೆಡ್ ಲರ್ನಿಂಗ್ ಅಂದ್ರ ಒಂದಿಷ್ಟು ಪಾಠ ಕ್ಲಾಸಿನಾಗ, ಒಂದಿಷ್ಟು ಆನ್‌ಲೈನ್, ಅದು ನಿಮಗ ಗೊತ್ತದ. 2021ರ ಮೇ ತಿಂಗಳಾಗ ಯುಜಿಸಿ, ಅಂದ್ರ ವಿಶ್ವವಿದ್ಯಾಲಯ ಅನುದಾನ ಆಯೋಗ, ಒಂದು ಕರಡು ಬಿಟ್ಟಿತ್ತು, ಕೋರ್ಸಿನ ಶೇ 40ರ ತನಕ ಆನ್‌ಲೈನ್ ಮಾಡಬಹುದು ಅಂತ. ಅದರ ಬಗ್ಗೆ ಟ್ವಿಟರ್, ಫೇಸ್‌ಬುಕ್ಕಿನಾಗ ಮಂದಿ ಬರದದ್ದೆಲ್ಲಾ ಕೂಡಿಸಿ, ಇಷ್ಟು ಮಂದಿ ಛಲೋ ಅಂದ್ರು, ಇಷ್ಟು ಮಂದಿ ಬ್ಯಾಡ ಅಂದ್ರು ಅಂತ ಕಂಪ್ಯೂಟರ್ ಕಡಿಂದ ಲೆಕ್ಕ ತೆಗಿಸೋದಕ್ಕ ಸೆಂಟಿಮೆಂಟ್ ಅನಾಲಿಸಿಸ್ ಅಂತಾರ.

ಸರಳ ದಾರಿ ಅಂದ್ರ ಪದಗಳ ಪಟ್ಟಿ. ಛಲೋ ಇದ್ರ ಪ್ಲಸ್, ಬ್ಯಾಸರ ಇದ್ರ ಮೈನಸ್. 2014ರಾಗ ಬಂದ ವೇಡರ್ ಅನ್ನೋ ಸಾಫ್ಟ್‌ವೇರ್ ಇಂಥಾದ್ದೇ, ಸೋಶಿಯಲ್ ಮೀಡಿಯಾದ ಇಂಗ್ಲಿಷಿಗಂತ ಮಾಡಿದ್ದು, ಸ್ಮೈಲಿಗೂ ಮಾರ್ಕ್ಸ್ ಹಾಕ್ತದ, ಪದಕ್ಕ ಮೊದಲು ನಾಟ್ ಬಂದ್ರ ಅರ್ಥ ತಿರುಗಿಸ್ತದ. ನಮ್ಮ ಮಾತಿನಾಗ ನಾಟ್ ಮೊದಲು ಎಲ್ಲಿ ಬರ್ತದರೀ? ಕಡೀಗಿ, ಕ್ರಿಯಾಪದದ ಬಾಲಕ್ಕ ಅಂಟಿಕೊಂಡು ಬರ್ತದ. "ವಿಡಿಯೋ ನೋಡ್ಲಕ್ಕ ಬ್ಯಾಸರ ಆಗಂಗಿಲ್ಲ" ಅಂತ ಒಬ್ಬ ಹುಡುಗ ಬರದಾನ ಅಂತ ಇಟ್ಕೊಳ್ರಿ, ಪಟ್ಟಿ ಬ್ಯಾಸರ ಅನ್ನೋದಷ್ಟೇ ಹಿಡದು ಮೈನಸ್ ಕೊಡ್ತದ. ಅದನ್ನೇ ಇಂಗ್ಲಿಷ್ ಅಕ್ಷರದಾಗ ಟೈಪ್ ಮಾಡಿದ್ರಂತೂ, ಎಷ್ಟೋ ಮಂದಿ ಮಾಡೋದೇ ಹಂಗ, ಒಬ್ಬೊಬ್ಬರದು ಒಂದೊಂದು ಸ್ಪೆಲ್ಲಿಂಗ್, ಕನ್ನಡ ಅಲ್ಲ ಅಂತ ಅದು ಡೇಟಾದಿಂದನೇ ಹೊರಗ ಬೀಳ್ತದ.

ಇನ್ನೊಂದು ಮಾತು ತಗೋರಿ. "ಪಾಠ ನಾಕ್ ಸಲ ತಿರುಗಿಸಿ ನೋಡಬಹುದು ಖರೇ, ಡೌಟ್ ಕೇಳ್ಬೇಕಂದ್ರ ಯಾರೂ ಇಲ್ಲ." ಪ್ಲಸ್ ಒಂದು, ಮೈನಸ್ ಒಂದು, ಒಟ್ಟು ಸೊನ್ನಿ, ನ್ಯೂಟ್ರಲ್. ಇದು ನ್ಯೂಟ್ರಲ್ ಏನ್ರೀ? ವಿಡಿಯೋ ಇರಲಿ, ಡೌಟಿಗಿ ಮಾಸ್ತರ್ ಎದುರಿಗಿರಲಿ ಅಂತ ಹುಡುಗ ದಾರೀನೇ ತೋರಿಸ್ಯಾನಲ್ಲ. ಅದಕ್ಕ ವಿಡಿಯೋ, ಡೌಟ್, ನೆಟ್, ಪರೀಕ್ಷಾ ಅಂತ ಬ್ಯಾರೆ ಬ್ಯಾರೆ ಗುರುತು ಹಾಕ್ಬೇಕು.

ಇವೆಲ್ಲಾ ಸರಿ ಮಾಡಬಹುದು. ನನಗ ಕಾಡೋದು ಬ್ಯಾರೆ. ಲಾಕ್‌ಡೌನಿನಾಗ ಚಿಂಚೋಳಿ ಕಡಿ ತಾಂಡಾದ ಹುಡುಗಿ ಒಬ್ಬಾಕಿ ಮಾಳಿಗಿ ಮ್ಯಾಲ ಕುಂತು ನನ್ನ ಕ್ಲಾಸಿಗಿ ಬರ್ತಿದ್ಳು, ಕೆಳಗ ಸಿಗ್ನಲ್ ಇಲ್ಲ, ಬಿಸಲಿಗಿ ಸ್ಕ್ರೀನ್ ಕಾಣಂಗಿಲ್ಲಂತ ತಲಿ ಮ್ಯಾಲಿನ ಟವಲ್ ಜಗ್ಗಿ ಫೋನಿಗಿ ನೆರಳು ಮಾಡ್ಕೊಂಡು ಕೇಳ್ತಿದ್ಳು. ಮನ್ಯಾಗ ಅದೊಂದೇ ಫೋನ್. ಅವರಪ್ಪ ದುಡಿಲಕ್ಕ ಪುಣೆಕ್ಕ ಹೊಂಟ ದಿನ ಫೋನೂ ಹೋಯ್ತು, ಆಮ್ಯಾಲ ಆಕಿ ಹೆಸರು ನನ್ನ ಲಿಸ್ಟಿನಾಗ ಬರಲೇ ಇಲ್ಲ. ಹತ್ತು ಸಾವಿರ ಕಾಮೆಂಟ್ ಓದಿದ್ರೂ ಆಕಿ ಮಾತು ನಿಮಗ ಸಿಗಂಗಿಲ್ಲ, ಯಾಕಂದ್ರ ಆಕಿ ಬರದೇ ಇಲ್ಲ. ಹಂಗಾಗಿ ರಿಪೋರ್ಟಿನಾಗ "ವಿದ್ಯಾರ್ಥಿಗಳ ಅಭಿಪ್ರಾಯ" ಅಂತ ಬರೀಬ್ಯಾಡ್ರಿ, "ನೆಟ್ ಇದ್ದೋರ ಅಭಿಪ್ರಾಯ" ಅಂತ ಬರೀರಿ. ಜೇವರ್ಗಿ, ಆಳಂದ ಕಡಿ ಹಾಸ್ಟೆಲ್ಲಿಗಿ ಹೋಗಿ ಬಾಯಿಲೇ ಕೇಳಿ ಬರ್ಕೊಂಡು ಬಂದ ಐವತ್ತು ಮಾತೂ ಅದರ ಜೋಡಿ ಇಡ್ರಿ.

ಈಗ ನಿಮ್ಮ ಮುಂದ ಕಾಮೆಂಟಿನ ಹಾಳಿ ಅದಾವ. ಇಬ್ಬಿಬ್ಬರು ಕುಂತು, ಒಬ್ಬರದು ಒಬ್ಬರು ನೋಡ್ದಂಗ ಪ್ಲಸ್ ಮೈನಸ್ ಹಾಕ್ರಿ. ಯಾವ ಸಾಲಿಗಿ ಇಬ್ಬರದೂ ಹೊಂದಂಗಿಲ್ಲೋ ಅದನ್ನ ಜೋರಾಗಿ ಓದ್ರಿ, ಅಲ್ಲಿಂದ ಶುರು ಮಾಡೋಣು.